ಮಡಚದ ಮೊಣಕಾಲು

ಉರ್ದು ಶಾಲೆಯಲ್ಲಿ ನಾನು ಕಲಿತ ಪದ ‘ಜೋಡ್’. ಎರಡು ಮೂಳೆ ಸೇರುವ ಜಾಗಕ್ಕೂ ಅದೇ, ಬಟ್ಟೆಯ ಎರಡು ತುಂಡು ಹೊಲಿದ ಕಡೆಗೂ ಅದೇ. ಏಳನೇ ತರಗತಿ ಮುಗಿಸಿ ಕನ್ನಡ ಮಾಧ್ಯಮಕ್ಕೆ ಬಂದಾಗ ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲೆ ‘ಕೀಲು’ ಎಂದು ಬರೆದರು. ಗಾಡಿಯ ಚಕ್ರ ಕಳಚದಂತೆ ತಡೆಯುವ ಕಡೆಗೀಲಿನಲ್ಲೂ ಇರುವುದು ಅದೇ ಪದ. ನನಗೆ ಕನ್ನಡದ್ದೇ ಹೆಚ್ಚು ಸರಿ ಎನಿಸಿತು. ತಲೆಬುರುಡೆಯ ಮೂಳೆಗಳ ನಡುವಿನವು ಮಾತ್ರ ಉರ್ದುವಿನ ಜೋಡ್‌ಗಳು. ಹೊಲಿಗೆ ಹಾಕಿದಂತೆ ಕೂತಿವೆ, ಅಲುಗಾಡುವುದಿಲ್ಲ.

ನಮಾಝ್ ಮಾಡುವವರಿಗೆ ಆ ಪಾಠದ ಚಿತ್ರಗಳೇ ಬೇಕಿರಲಿಲ್ಲ. ತಕ್ಬೀರ್‌ಗೆ ಕೈ ಎತ್ತುವುದು ಭುಜದ ಚೆಂಡು-ಗುಳಿ ಕೀಲಿನ ಕೆಲಸ. ಚೆಂಡಿಗಿಂತ ಗುಳಿ ಚಿಕ್ಕದಾದ್ದರಿಂದ ತೋಳು ಎಲ್ಲ ದಿಕ್ಕಿಗೂ ಆಡುತ್ತದೆ. ಅದು ಬೇಗ ಜಾರಿ ಹೊರಬರುವುದೂ ಅದಕ್ಕೇ. ಸೊಂಟದ ಗುಳಿ ಆಳ, ಒರಳಿನಲ್ಲಿ ಕೂತ ಗುಂಡುಕಲ್ಲಿನ ಹಾಗೆ. ರುಕೂವಿನಲ್ಲಿ ಬಾಗುವುದು ಅಲ್ಲಿಂದ. ಸಲಾಮ್‌ಗೆ ಮುಖ ಹೊರಳಿಸುವಾಗ ಕತ್ತಿನ ಮೊದಲ ಮೂಳೆ ಎರಡನೆಯದರ ಗೂಟದ ಸುತ್ತ ತಿರುಗುತ್ತದೆ.

ಮೊಣಕಾಲನ್ನು ಪುಸ್ತಕಗಳು ಬಿಜಾಗರಿ ಕೀಲು ಎಂದು ಬರೆದು ಮುಂದೆ ಹೋಗುತ್ತವೆ. ಆ ಹೆಸರು ಅದಕ್ಕೆ ಸಾಲದು. ಬಾಗಿಲಿನ ಬಿಜಾಗರಿ ಒಂದೇ ಅಚ್ಚಿನ ಸುತ್ತ ತಿರುಗುತ್ತದೆ. ಮೊಣಕಾಲು ಮಡಚುವಾಗ ತೊಡೆಯ ಮೂಳೆ ಕೆಳಗಿನ ಮೂಳೆಯ ಮೇಲೆ ಉರುಳುತ್ತದೆ, ಜೊತೆಗೇ ಜಾರುತ್ತದೆ. ಪೂರ್ತಿ ನೆಟ್ಟಗಾಗುವ ಕೊನೆ ಗಳಿಗೆಯಲ್ಲಿ ತುಸು ತಿರುಚಿ ಬೀಗ ಹಾಕಿಕೊಳ್ಳುತ್ತದೆ. ಮೂಳೆಯ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ, ನಡುವೆ ಮೊಟ್ಟೆಯ ಬಿಳಿಯಂಥ ಲೋಳೆ. ಆ ಹೊದಿಕೆಗೆ ರಕ್ತನಾಳಗಳಿಲ್ಲ. ಸವೆದರೆ ಮತ್ತೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ.

ನನ್ನ ಅಮ್ಮಿಯ ಎರಡೂ ಮೊಣಕಾಲಲ್ಲಿ ಅದು ಸವೆದಿದೆ. ಅವರ ಬದುಕೆಲ್ಲ ನೆಲದ ಮೇಲೆಯೇ ನಡೆದದ್ದು: ಈಳಿಗೆಮಣೆ, ಬಟ್ಟೆ ಒಗೆಯುವ ಕಲ್ಲು, ದಸ್ತರ್‌ಖಾನ್, ಜಾನಮಾಝ್. ಈಗ ನಾವೆಲ್ಲ ದಸ್ತರ್‌ಖಾನಿನ ಸುತ್ತ ಕೂತಾಗ ಅಮ್ಮಿ ಗೋಡೆಯ ಬದಿ ಕುರ್ಚಿಯಲ್ಲಿ, ತಟ್ಟೆ ತೊಡೆಯ ಮೇಲೆ. ಮೊಮ್ಮಕ್ಕಳ ತಲೆಗಳ ಮೇಲಿಂದ ಮಾತಾಡಬೇಕು. ಕೂಡದವರು ಕುರ್ಚಿಯಲ್ಲೇ ಕೂತು ಸನ್ನೆಯಿಂದ ಸಜ್ದಾ ಮಾಡಬಹುದಲ್ಲ ಎಂದರೆ, “ಅದು ನನಗೆ ಗೊತ್ತು ಬೇಟಾ, ಹಣೆಗೆ ಗೊತ್ತಿಲ್ಲ” ಎನ್ನುತ್ತಾರೆ.

ಕೀಲು ಬದಲಿಸುವ ಆಪರೇಷನ್‌ಗೆ ಅವರು ಎರಡು ವರ್ಷ ಒಪ್ಪಲಿಲ್ಲ. ಆಮೇಲೆ ನೆಲದ ಮೇಲೆ ಕೂರಬಾರದು ಎಂದು ಯಾರೋ ಹೇಳಿದ್ದರು. ಮಾತು ಸುಳ್ಳೇನಲ್ಲ. ಹಿಮ್ಮಡಿಯ ಮೇಲೆ ಕೂರಲು ಮೊಣಕಾಲು ಸುಮಾರು 150 ಡಿಗ್ರಿ ಮಡಚಬೇಕು. ಹೊಸ ಕೀಲು ಸಾಮಾನ್ಯವಾಗಿ 110ರಿಂದ 120 ಕೊಡುತ್ತದೆ. ಕುರ್ಚಿಗೆ, ಮೆಟ್ಟಿಲಿಗೆ ಅಷ್ಟು ಸಾಕು. ಕುರ್ಚಿಯ ಮೇಲೆ ಬದುಕುವವರ ಲೆಕ್ಕ ಇದು ಎಂದು ನನಗನ್ನಿಸುತ್ತದೆ.

ಹೋದ ತಿಂಗಳು ಡಾಕ್ಟರು ಪಟ್ಟಿಯಂಥದೊಂದನ್ನು ಕಾಲಿಗೆ ಹಿಡಿದು ಅಳೆದರು. 95 ಬಂತು.

“ಹಾಗಾದರೆ ನಾನು ಇಷ್ಟು ದಿನ ಉಳಿಸಿಕೊಂಡದ್ದು ಏನು?” ಅಮ್ಮಿ ಕೇಳಿದರು.

“ನೋವು, ಅಮ್ಮಾ” ಎಂದರು ಡಾಕ್ಟರು.

ಈದ್ ಕಳೆದ ಮೇಲೆ ಬಲಗಾಲಿಗೆ ಮೊದಲು ಎಂದು ನಿಶ್ಚಯವಾಗಿದೆ. ಪ್ಲಾಸ್ಟಿಕ್ ಕುರ್ಚಿ ಬೇಡ, ಮರದ್ದೇ ಆಗಬೇಕು ಎಂದು ಅಮ್ಮಿ ದಾರದಲ್ಲಿ ಅಳತೆ ತೆಗೆದು ಬಡಗಿಗೆ ಕಳಿಸಿದ್ದಾರೆ. ಎದ್ದೇಳಲು ಕಷ್ಟವಾಗಬಾರದು, ಆದರೆ ಕೂತಲ್ಲಿಂದಲೇ ಮೊಮ್ಮಕ್ಕಳ ತಟ್ಟೆಗೆ ಕೈ ಎಟುಕಬೇಕಂತೆ.