ಓಡದ ಕಾರಿನ ಬೆಲೆ

ಓಡುವ ಕಾರನ್ನು ಮಾರುವುದು ಸುಲಭ. ಕೀಲಿ ತಿರುಗಿಸಿ, ಒಂದು ಸುತ್ತು ಹೊಡೆಸಿದರೆ ಅರ್ಧ ವ್ಯಾಪಾರ ಮುಗಿದಂತೆ. ಓಡದ ಕಾರಿನ ಪರವಾಗಿ ಮಾಲೀಕನೇ ಮಾತಾಡಬೇಕು. ಎಷ್ಟು ಹೇಳಬೇಕು, ಎಷ್ಟು ನುಂಗಬೇಕು ಎಂಬಲ್ಲಿ ಅವನ ಪರೀಕ್ಷೆ ಇರುತ್ತದೆ. ತಂದೆಯವರ ಕಾಂಟೆಸ್ಸಾ ಮಾರಲು ಹೊರಟಾಗ ಒಡಹುಟ್ಟಿದ ನಾವು ನಾಲ್ವರೂ ಈ ಪರೀಕ್ಷೆಗೆ ಕೂತೆವು.

ಇಂದಿನ ಮಕ್ಕಳಿಗೆ ಕಾಂಟೆಸ್ಸಾದ ಹೆಸರು ಗೊತ್ತಿರಲಾರದು. ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿ 1984ರಿಂದ 2002ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದ ಕಾರು ಅದು. ಮೈಕಟ್ಟು ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪೆನಿಯದು. ಆರಂಭದಲ್ಲಿ ಅದಕ್ಕೆ ಅಂಬಾಸಿಡರಿನ ಎಂಜಿನನ್ನೇ ಕೂರಿಸಿದ್ದರು. ಆನೆಗೆ ಆಡಿನ ಕಾಲು ಕೊಟ್ಟಂತಿತ್ತು. ಜಪಾನಿನ ಇಸುಜು ಕಂಪೆನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರು ಬಂದ ಮೇಲೆ ‘ಕಾಂಟೆಸ್ಸಾ ಕ್ಲಾಸಿಕ್’ ಎನಿಸಿಕೊಂಡು ನಿಜಕ್ಕೂ ಓಡತೊಡಗಿತು. ಉದ್ದನೆಯ ಮೂತಿ, ಅಗಲವಾದ ಸೀಟು, ಗಂಭೀರ ನಡೆ. ಕೊಲ್ಲಿಯಿಂದ ಮರಳಿದ್ದ ತಂದೆಯವರು 1994ರ ಮಾದರಿಯೊಂದನ್ನು 2001ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡರು. ಕಣ್ಣು ಮಂಜಾದ ಮೇಲೆ, 2011ರಲ್ಲಿ, ಅದನ್ನು ಶೆಡ್ಡಿನಲ್ಲಿ ನಿಲ್ಲಿಸಿದರು. ಮತ್ತೆ ಅದು ಹೊರಬರಲಿಲ್ಲ.

ನಿಂತ ಕಾರು ಒಳಗೊಳಗೇ ಕೆಡುತ್ತದೆ. ಪೆಟ್ರೋಲ್ ಅಂಟಾಗಿ ಕಾರ್ಬೊರೇಟರಿನ ರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕ್ ಆಯಿಲ್ ತೇವಾಂಶ ಹೀರಿ ಸಿಲಿಂಡರುಗಳು ಬಿಗಿಯುತ್ತವೆ. ವೈರುಗಳು ಇಲಿಗಳ ಪಾಲಾಗುತ್ತವೆ. ನಮ್ಮ ಕರಾವಳಿಯ ಉಪ್ಪುಗಾಳಿಯಂತೂ ತಗಡನ್ನು ಬಿಡುವುದಿಲ್ಲ. ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಬ್ಯಾಟರಿಯ ಗೋಜಿಗೇ ಹೋಗಲಿಲ್ಲ. ಪ್ಲಗ್‌ಗಳನ್ನು ಬಿಚ್ಚಿ, ಸಿಲಿಂಡರಿಗೆ ಎಣ್ಣೆ ಹೊಯ್ದು, ಎರಡು ದಿನ ಬಿಟ್ಟು ಬಂದು ಸ್ಪ್ಯಾನರ್ ಹಾಕಿ ಕೈಯಿಂದಲೇ ಎಂಜಿನ್ ತಿರುಗಿಸಿದರು. ತಿರುಗಿತು. “ಜಾಮ್ ಆಗಿಲ್ಲ, ಜೀವ ಇದೆ” ಎಂದರು. ಆದರೆ ಕಾಲ್ಚಾಪೆ ಎತ್ತಿದಾಗ ತಳದ ತಗಡು ತೂತಾಗಿ ಶೆಡ್ಡಿನ ನೆಲ ಕಾಣುತ್ತಿತ್ತು.

ಮೂವರು ಕೇಳಲು ಬಂದರು. ಗುಜರಿಯವನು ತೂಕದ ಲೆಕ್ಕ ಹೇಳಿದ. ಇನ್ನೊಬ್ಬರಿಗೆ ಗ್ರಿಲ್, ದೀಪಗಳು, ಗಾಜು ಮಾತ್ರ ಬೇಕಿತ್ತು. ಈ ಕಾರಿನ ಬಿಡಿಭಾಗ ಸಿಗುವುದು ಕಷ್ಟವಾದ್ದರಿಂದ ಒಳ್ಳೆಯ ಬೆಲೆಯನ್ನೇ ಹೇಳಿದರು. ಮೂರನೆಯವನು ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದ ಹುಡುಗ. ಇಡೀ ಕಾರನ್ನು ಮತ್ತೆ ಓಡಿಸಬೇಕೆಂಬುದು ಅವನ ಆಸೆ. ಅವನ ಕೈಯಲ್ಲಿದ್ದುದು ಉಳಿತಾಯದ ಹಣ.

“ಮೇಲೊಂದು ಪೇಂಟ್ ಹೊಡೆಸಿ ಕೊಡೋಣ, ಚಾಪೆ ಎತ್ತಿ ಯಾರು ನೋಡುತ್ತಾರೆ?” ಎಂಬ ಮಾತು ನಮ್ಮೊಳಗೇ ಬಂತು. ಉಮ್ಮ ಕೇಳಿಸಿಕೊಂಡರು. “ಮೋನೇ, ಹೇಳದೆ ಕೊಟ್ಟರೆ ದುಡ್ಡು ನಮಗೆ, ಸಂಕಟ ಆ ಹುಡುಗನಿಗೆ. ಅಂಥ ದುಡ್ಡು ಈ ಮನೆಗೆ ಬೇಡ” ಎಂದರು. ಮತ್ತೆ ಚರ್ಚೆಯಾಗಲಿಲ್ಲ. ಕೆಟ್ಟದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವನ ಕೈಗಿತ್ತೆವು.

ಕಾಗದಪತ್ರದ ಸಂಗತಿಯನ್ನೂ ಬರೆದೆವು. ಮಾಲೀಕ ತೀರಿಕೊಂಡರೆ ಕಾರು ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ 31ನೇ ನಮೂನೆಯ ಅರ್ಜಿ. ನಂತರವೇ 29 ಮತ್ತು 30ನೇ ನಮೂನೆಗಳಲ್ಲಿ ಕೊಳ್ಳುವವನ ಹೆಸರಿಗೆ ವರ್ಗಾವಣೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನಮ್ಮದು 2014ರಲ್ಲೇ ಮುಗಿದಿತ್ತು. ನವೀಕರಣಕ್ಕೆ ಕಾರು ಓಡುವ ಸ್ಥಿತಿಯಲ್ಲಿ ತಪಾಸಣೆಗೆ ಹೋಗಬೇಕು. 2021ರ ವಿಂಟೇಜ್ ನಿಯಮದ ಆಸರೆಯೂ ಇಲ್ಲ. ಅದು 50 ವರ್ಷ ದಾಟಿದ ವಾಹನಗಳಿಗೆ ಮಾತ್ರ. ಹೆಸರು ಬದಲಾಗುವವರೆಗೆ ಹೊಣೆ ನಮ್ಮ ತಲೆಯ ಮೇಲೆಯೇ. ಮಾರಿದ ಮೇಲೂ ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಬಾಧ್ಯನೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಹುಡುಗ ಹಾಳೆಯನ್ನು ಎರಡು ಸಲ ಓದಿದ. ಹೇಳಿದ್ದ ಬೆಲೆಯಲ್ಲಿ 25 ಸಾವಿರ ಇಳಿಸಿದ. ನ್ಯಾಯವೇ ಇತ್ತು, ಒಪ್ಪಿದೆವು. ಅರ್ಧ ಹಣ ಈಗ, ಉಳಿದರ್ಧ ತಪಾಸಣೆ ಮುಗಿದು ಹೆಸರು ಬದಲಾದ ಮೇಲೆ. ಅಲ್ಲಿಯವರೆಗೆ ಕಾರು ರಸ್ತೆಗಿಳಿಯಬಾರದು. ಹೀಗೆಂದು ಕರಾರು ಬರೆದೆವು. ಬಿಡಿಭಾಗ ಕೇಳಿದವರ ಬೆಲೆ ಇದಕ್ಕಿಂತ ಹೆಚ್ಚಿತ್ತು ಎಂಬುದೂ ನಿಜ. ಆದರೆ ಕಾರು ಇಡಿಯಾಗಿ ಉಳಿಯಲಿ ಎಂಬುದರಲ್ಲಿ ನಾಲ್ವರೂ ಒಂದೇ ಆಗಿದ್ದೆವು.

ಹಳೆಯ ವಸ್ತುವನ್ನು ಕೊಡುವವನು ಅದರ ಕಥೆಯನ್ನೂ ಪೂರ್ತಿಯಾಗಿ ಕೊಡಬೇಕು. ಕೊಳ್ಳುವವನು ಹಣದ ಜೊತೆಗೆ ತನ್ನ ವರ್ಷಗಳನ್ನೂ ಅದರಲ್ಲಿ ಹೂಡುತ್ತಾನೆ. ಹುಡುಗನ ಕೆಲಸ ಇನ್ನೂ ಮುಗಿದಿಲ್ಲ. ತಳಕ್ಕೆ ಹೊಸ ತಗಡು ಬಿದ್ದಿದೆ, ಬ್ರೇಕು ಬಾಕಿ ಇದೆ ಎಂದು ಮೊನ್ನೆ ಫೋನು ಮಾಡಿದ್ದ. ಉಳಿದ ಹಣದ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಉಮ್ಮ ಮಾತ್ರ, “ಎಂಜಿನ್ ಶುರುವಾದ ದಿನ ಫೋನಿನಲ್ಲೇ ಆ ಸದ್ದು ಕೇಳಿಸಲು ಹೇಳಿ” ಎಂದಿದ್ದಾರೆ.