ಕುಂದಗೋಳದ ಮಾತು ಬಂದ ರಾತ್ರಿ

ಅಡರಕಟ್ಟಿಯ ನಮ್ಮ ಮನೆಯಲ್ಲಿ ಅಂದು ನೀರೊಲೆಯ ಮುಂದೆ ಎಲ್ಲರೂ ಸೇರಿದ್ದೆವು. ಹೊರಗೆ ಜಿಟಿಜಿಟಿ ಮಳೆ. ಮರುದಿನ ಲಕ್ಷ್ಮೇಶ್ವರಕ್ಕೆ ಹೋಗಿ ಅಣ್ಣನ ಮಗಳ ಸಿಇಟಿ ಆಪ್ಷನ್ ತುಂಬಬೇಕಿತ್ತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಅಂತ ಅಣ್ಣ; ಧಾರವಾಡದ ಕೃಷಿ ಕಾಲೇಜು ಅಂತ ಅವಳು.

"ಹೊಲ ಮನ್ಯಾಗ ಐತಿ. ಅದನ್ನ ಕಲಿಯಾಕ ಕಾಲೇಜ್ ಯಾಕ ಬೇಕವಾ?"

ಅಣ್ಣನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಹೆಸರಿನ ಬೆಳೆ ಕೈಕೊಟ್ಟಿತ್ತು, ಬ್ಯಾಡಗಿ ಮೆಣಸಿನಗಿಡ ಮುಟುರು ರೋಗಕ್ಕೆ ಹೋಗಿತ್ತು. ಮಗಳಾದರೂ ಈ ಎರೆಮಣ್ಣಿನ ಜೂಜಿನಿಂದ ಪಾರಾಗಲಿ ಎಂಬ ಆಸೆ ಅವನದು. ತಂದೆಯ ಆ ಆಸೆಯನ್ನು ಹಗುರ ಮಾಡಿ ಮಾತಾಡುವವರನ್ನು ಕಂಡರೆ ನನಗಾಗದು.

"ಗಿಡ ಯಾಕ ಮುದುಡತೈತಿ ಅಂತ ನಮ್ಮ ಮನ್ಯಾಗ ಯಾರಿಗೆ ಗೊತ್ತೈತಿ ಅಪ್ಪಾ?" ಅಂದಳು ಹುಡುಗಿ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯನ್ನು ಆಗಲೇ ಮುಗಿಸಿ ಬಂದಿದ್ದಳು. ಬೀಜ, ಸಲಕರಣೆ ಗುರುತಿಸುವ ಪರೀಕ್ಷೆ ಅದು. ಕೂರಿಗಿ, ಎಡಿಕುಂಟಿ ನೋಡುತ್ತಲೇ ಬೆಳೆದವಳು.

ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜ ಕಟ್ಟಿಗೆ ಸರಿಸಿ ಬಾಯಿ ತೆರೆದ. "ರೋಣದ ಜೋಶಿ ಮಾಸ್ತರರ ಮಗಾ ಹನ್ನೊಂದು ವರ್ಷದಾಂವ ಮನಿ ಬಿಟ್ಟು ಓಡಿಹೋದ, ಗೊತ್ತೈತೇನು?"

1933ರ ಮಾತು. ಭೀಮಸೇನ ಜೋಶಿ ಸಂಗೀತದ ಗುರುವನ್ನು ಹುಡುಕುತ್ತ, ರೈಲಿನಲ್ಲಿ ಟಿಕೆಟ್ ಇಲ್ಲದೆ ಹಾಡಿಕೊಂಡೇ ಸಾಗಿ, ಗ್ವಾಲಿಯರ್ ದಾಟಿ ಜಲಂಧರ್ ಮುಟ್ಟಿದರು. ತಂದೆ ಗುರುರಾಜರು ಅಲ್ಲಿಂದ ಮಗನನ್ನು ಕರೆತಂದರು. ಆಮೇಲೆ ಕಟ್ಟಿಹಾಕಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರಲ್ಲಿ 1936ರಲ್ಲಿ ಕಲಿಕೆ ಶುರುವಾಯಿತು. 2008ರ ಭಾರತ ರತ್ನವನ್ನು ಎಲ್ಲರೂ ನೆನೆಯುತ್ತಾರೆ. ಓಡಿಹೋದ ಮಗನನ್ನು ಹುಡುಕಿ ತಂದು ಅವನ ದಾರಿಗೇ ಬಿಟ್ಟ ತಂದೆ ನನಗೆ ಅದಕ್ಕಿಂತ ದೊಡ್ಡವರು.

"ನಿನ್ನ ಮಗಳು ಓಡಿಹೋಗಿಲ್ಲ. ಎದುರಿಗೆ ಕುಂತು ಕೇಳಾಕತ್ಯಾಳ," ಅಂದ ಅಜ್ಜ.

ಅಣ್ಣ ಬಹಳ ಹೊತ್ತಿನ ಮೇಲೆ ಕೇಳಿದ: "ಅಲ್ಲಿ ಹಾಸ್ಟೆಲ್ ಸಿಗತೈತೇನು?"

"1947ರಿಂದ ನಡೆದಿರೋ ಕಾಲೇಜ್ ಅಪ್ಪಾ!"

ಮೊದಲ ಆಪ್ಷನ್ ಧಾರವಾಡ ಅಂತ ತುಂಬಿಸಿದವನು ಅಣ್ಣನೇ. ಸೀಟೂ ಸಿಕ್ಕಿತು. ಈಗ ಆಕೆ ರಜೆಗೆ ಬಂದಳೆಂದರೆ ನೇರ ಮೆಣಸಿನ ಹೊಲಕ್ಕೆ. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಮೈಟ್ ನುಸಿ, ಎರಡಕ್ಕೂ ಬೇರೆ ಬೇರೆ ಔಷಧಿ ಅಂತ ಅಪ್ಪನಿಗೆ ತೋರಿಸುತ್ತಾಳೆ. ಅಣ್ಣ ಅವಳೊಂದಿಗೆ ವಾದಕ್ಕೆ ಬೀಳುತ್ತಾನೆ. ಔಷಧಿ ಮಾತ್ರ ಅವಳು ಹೇಳಿದ್ದನ್ನೇ ತರುತ್ತಾನೆ.