ಕಾಲಕ್ಕೂ ನಿತ್ಯತೆಗೂ ನಡುವೆ

ಕ್ರಿ.ಶ. 524ರ ಸುಮಾರಿಗೆ ಬೊಯೀಥಿಯಸ್ ಎಂಬ ರೋಮನ್ ವಿದ್ವಾಂಸ ಉತ್ತರ ಇಟಲಿಯಲ್ಲಿ ಸೆರೆಯಾಳಾಗಿದ್ದ. ದೊರೆ ಥಿಯೊಡೊರಿಕ್‌ನ ಆಸ್ಥಾನದಲ್ಲಿ ಉನ್ನತ ಪದವಿಯಲ್ಲಿದ್ದವನ ಮೇಲೆ ರಾಜದ್ರೋಹದ ಆರೋಪ ಬಂದಿತ್ತು, ಮುಂದಿದ್ದುದು ಮರಣದಂಡನೆ. ಆ ಸೆರೆಯಲ್ಲಿ ಬರೆದ 'ತತ್ತ್ವಶಾಸ್ತ್ರದ ಸಾಂತ್ವನ'ದ ಕೊನೆಯ ಭಾಗದಲ್ಲಿ ಅವನು ಕಠಿಣವಾದೊಂದು ಪ್ರಶ್ನೆಯನ್ನು ಎತ್ತಿಕೊಂಡ. ನಾಳೆ ನಡೆಯುವುದೆಲ್ಲ ದೇವರಿಗೆ ಇಂದೇ ತಿಳಿದಿದ್ದರೆ ಮನುಷ್ಯನ ಸ್ವಾತಂತ್ರ್ಯಕ್ಕೆ ಅರ್ಥವೇನು?

ದೇವರಿಗೆ 'ನಾಳೆ' ಎಂಬುದೇ ಇಲ್ಲವೆಂಬುದು ಅವನು ಕಂಡುಕೊಂಡ ಉತ್ತರ. ನಿತ್ಯತೆಯೆಂದರೆ ಮುಗಿಯದೆ ಸಾಗುವ ದೀರ್ಘಕಾಲವಲ್ಲ. ಹಿಂದು ಮುಂದುಗಳಿಲ್ಲದೆ ಇಡಿಯಾಗಿ, ಒಮ್ಮೆಗೇ ಇರುವ ಬಾಳು. ದಾರಿಯಲ್ಲಿ ನಡೆಯುವವನನ್ನು ಯಾರೋ ನೋಡುತ್ತಿದ್ದಾರೆಂಬ ಮಾತ್ರಕ್ಕೆ ಅವನ ನಡಿಗೆ ಬಲವಂತದ್ದಾಗದು. ದೇವರ ಅರಿವೂ ಅಂಥ ನೋಟವೇ.

ಏಳು ಶತಮಾನಗಳ ಬಳಿಕ ಈ ವಿಚಾರ ಪ್ಯಾರಿಸ್ಸಿನ ವಿದ್ಯಾಪೀಠದಲ್ಲಿ ಹೊಸ ತೊಡಕನ್ನು ಒಡ್ಡಿತು. ದೇವರದು ನಿತ್ಯತೆ, ಮನುಷ್ಯನದು ಕಾಲ; ಹಾಗಾದರೆ ದೇವದೂತರದು ಯಾವುದು? ಅವರು ಸೃಷ್ಟರು, ಆದುದರಿಂದ ದೇವರಂತಲ್ಲ. ದೇಹವಿಲ್ಲದವರು, ಮುಪ್ಪು ಸಾವುಗಳಿಲ್ಲದವರು, ಆದುದರಿಂದ ಮನುಷ್ಯರಂತೆಯೂ ಅಲ್ಲ. ಈ ನಡುವಣ ಸ್ಥಿತಿಗೆ ಪಂಡಿತರು ಲ್ಯಾಟಿನ್ನಿನಲ್ಲಿ 'ಏವುಮ್' ಎಂದು ಹೆಸರಿಟ್ಟರು. ಥಾಮಸ್ ಅಕ್ವಿನಾಸ್‌ನ ಪ್ರಕಾರ ದೇವದೂತರ ಇರವು ಬದಲಾಗದು; ಬದಲಾಗುವುದು ಅವರ ಆಲೋಚನೆ, ಇಚ್ಛೆಗಳು ಮಾತ್ರ. ಏವುಮಿಗೆ ತನ್ನಲ್ಲಿ ಪೂರ್ವಾಪರಗಳಿಲ್ಲವೆಂದು ಅವನು ವಾದಿಸಿದರೆ, ಸಮಕಾಲೀನನಾದ ಬೊನವೆಂಚರ್ ಅದರಲ್ಲಿಯೂ ಒಂದು ಬಗೆಯ ಪೂರ್ವಾಪರವಿದೆ, ಹಳತಾಗುವುದು ಮಾತ್ರ ಇಲ್ಲವೆಂದ. ಇಬ್ಬರೂ 1274ರಲ್ಲಿಯೇ ತೀರಿಕೊಂಡರು, ಚರ್ಚೆ ಮುಂದುವರಿಯಿತು.

ಇದು ಬರಿಯ ಪಾಂಡಿತ್ಯದ ಕಸರತ್ತಾಗಿರಲಿಲ್ಲ. ಪತನಗೊಂಡ ದೇವದೂತರು ಪಶ್ಚಾತ್ತಾಪಪಟ್ಟು ಮರಳಲಾರರೇ ಎಂಬ ಪ್ರಶ್ನೆಯೂ ಇದರ ಬಳಿಯಲ್ಲಿಯೇ ಇತ್ತು. ಲಾರರೆಂದ ಅಕ್ವಿನಾಸ್. ಅವರಿಗೆ ಕ್ಷಮೆ ದೊರೆಯದಿರುವುದು ದೇವರ ದಯೆ ಸಾಲದೆ ಅಲ್ಲ. ದೇವದೂತ ಮನುಷ್ಯನಂತೆ ಒಂದರಿಂದ ಇನ್ನೊಂದಕ್ಕೆ ತರ್ಕಿಸುತ್ತ ಹೋಗುವವನಲ್ಲ. ಅರಿಯಬೇಕಾದುದನ್ನು ಒಂದೇ ನೋಟಕ್ಕೆ ಅರಿತು ಆರಿಸಿಕೊಳ್ಳುತ್ತಾನೆ. ಆರಿಸಿದ ಮೇಲೆ ಆ ಸಂಕಲ್ಪ ಕದಲದು. ಮನುಷ್ಯನಿಗೆ ಮರಣ ಹೇಗೋ ದೇವದೂತನಿಗೆ ಪತನ ಹಾಗೆ ಎಂಬ ಡಮಾಸ್ಕಸ್ಸಿನ ಯೋಹಾನನ ಅಭಿಪ್ರಾಯವನ್ನು ಅವನು ಇಲ್ಲಿ ಆಧಾರವಾಗಿ ತರುತ್ತಾನೆ.

ಮನುಷ್ಯನ ಅರಿವಾದರೋ ತುಣುಕುತುಣುಕಾಗಿ ಬರುತ್ತದೆ. ಅವನು ತಪ್ಪುತ್ತಾನೆ, ತಡವಾಗಿ ತಿಳಿಯುತ್ತಾನೆ, ತಿದ್ದಿಕೊಳ್ಳುತ್ತಾನೆ. ಬಾಳನ್ನು ಸವೆಸುವ ಕಾಲವೇ ಅವನಿಗೆ ಮರಳಿ ಬರುವ ದಾರಿಯನ್ನೂ ತೆರೆದಿಡುತ್ತದೆ. ದೇವದೂತರಿಗಿಲ್ಲದ ಈ ಒಂದು ಅವಕಾಶ ಮುಪ್ಪು ಸಾವುಗಳ ಜೊತೆಯಲ್ಲಿಯೇ ಮರ್ತ್ಯರ ಪಾಲಿಗೆ ಬಂದಿದೆ.